ಆಕಾಶದಲ್ಲಿ ತುಳಿದ ಮಗ್ಗ

ಸಂಜೆ ಏಳು ಗಂಟೆ, ಗೆಳೆಯರೇ. ಕೆರೂರಿನ ಹೊರಗಿನ ಬಯಲಿನಿಂದ ಈಗಷ್ಟೇ ಇಳಕಲ್ಲಿನ ಮನೆಗೆ ಬಂದೆ. ಎಂಜಿನ್ ಇಲ್ಲದ ವಿಮಾನ, ಅಂದರೆ ಗ್ಲೈಡರ್, ಕಲಿಯಲು ಹೋಗಿ ಇವತ್ತು ಬೈಸಿಕೊಂಡೆ.

"ಕಾಕಾ, ವಿಮಾನದ ಮೂತಿ ಯಾಕ ಎಡಕ್ಕ ಬಲಕ್ಕ ಹೊಳ್ಳಾಕತ್ತೈತಿ? ಕಾಲಿಲೆ ಏನ್ ಮಾಡಾಕತ್ತೀರಿ?" ಹಿಂದಿನ ಸೀಟಿನಿಂದ ಕಲಿಸುವವರು ಕೂಗಿದರು. "ಹಿಂಗಾದ್ರ ಕಲಸೂದು ಬಂದ್ ಮಾಡಬೇಕಾಗ್ತೈತಿ."

ನೋಡಿಕೊಂಡೆ. ಪೆಡಲ್ ಮೇಲಿನ ಕಾಲುಗಳು ಒಂದಾದ ಮೇಲೊಂದು ತಾವೇ ತುಳಿಯುತ್ತಿದ್ದವು.

"ಸೀರಿ ನೇಯಾಕತ್ತೇನ್ರಿ," ಎಂದೆ.

ನೂಲು ಸುತ್ತಿಕೊಡುತ್ತಿದ್ದ ಹೆಂಡತಿ ತೀರಿಕೊಂಡ ಮೇಲೆ ನಾನು ಮಗ್ಗಕ್ಕೆ ಕೂತಿಲ್ಲ. ಸದ್ದಿಲ್ಲದ ಮನೆಯಲ್ಲಿ ಇರಲಾಗದೆ ಈ ವಯಸ್ಸಿನಲ್ಲಿ ಹಾರಲು ಹೊರಟೆ. ಅದನ್ನೂ ಅವರಿಗೆ ಹೇಳಿದೆ.

ಅವರು ಮೆಲ್ಲಗೆ ಅಂದರು: "ವಿಮಾನ ನಾ ಹಿಡೀತೇನಿ. ನೀವು ಪೆಡಲ್ ಬಿಟ್ಟು, ಕಾಲು ಹಿಂದಕ್ಕ ತಗೊಂಡು ನೇಯ್ರಿ."

ನೇಯ್ದೆ. ಕಣ್ಣು ಒರೆಸಿಕೊಳ್ಳಲು ಕೈಗಳೂ ಖಾಲಿ ಇದ್ದವು.

ಇಳಿದ ಮೇಲೆ ಕೇಳಿದರು, "ಎಲ್ಲಿತನಕ ಬಂತ್ರಿ ಸೀರಿ?"

"ಸೆರಗಿಗೆ ಬಂದಿತ್ತು. ಅಷ್ಟರಾಗ ನೀವು ಇಳಿಸಿಬಿಟ್ರಿ."

"ಮುಂದಿನ ವಾರ ಬರ್ರಿ. ಖರೆ, ಮನ್ಯಾಗ ನೇಯ್ದು ಬರ್ರಿ ಮತ್ತ!"

ನಾಳೆ ಬೆಳಗ್ಗೆ ಮಗ್ಗದ ಧೂಳು ಹೊಡೆಯುವ ಕೆಲಸವಿದೆ.