ವ್ಯಾನಿಟಿ ಬ್ಯಾಗಿನಲ್ಲಿ ಕಾರಿನ ಸೆಟ್ಟು

ಹೋಮದ ಹೊಗೆ ಜಗಲಿಯನ್ನೆಲ್ಲ ತುಂಬಿಕೊಂಡಾಗ ನನ್ನ ಎದೆ ಬಿಗಿಯತೊಡಗಿತು. ಇನ್ಹೇಲರ್ ತೆಗೆಯೋಣವೆಂದು ವ್ಯಾನಿಟಿ ಬ್ಯಾಗಿಗೆ ಕೈ ಹಾಕಿದೆ.

ಕೈಗೆ ಸಿಕ್ಕಿದ್ದು ಕಾರಿನ ಟೇಪ್ ರೆಕಾರ್ಡರಿನ ಮುಂಭಾಗ!

ಮತ್ತೆ ಕೈ ಹಾಕಿದೆ. ಕ್ಯಾಸೆಟ್ಟುಗಳು. ಇನ್ನೊಮ್ಮೆ... ಡ್ಯಾಶ್‌ಬೋರ್ಡಿನ ಮೇಲಿಡುವ ಪುಟ್ಟ ಫ್ಯಾನು.

ನಗಬೇಡಿ. ಎರಡು ಸಾವಿರದ ಇಸವಿಯ ಆಚೀಚೆ, ಶಿರಸಿಯಲ್ಲಿ ನಮ್ಮದೊಂದು ಸೆಕೆಂಡ್ ಹ್ಯಾಂಡ್ ಕಾರಿದ್ದ ಕಾಲದ ಮಾತಿದು.

ಅದಕ್ಕೂ ಮೊದಲು ಒಮ್ಮೆ ಹುಬ್ಬಳ್ಳಿಯಲ್ಲಿ ಸೀರೆ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಯಾರೋ ಕಾರಿನ ಗಾಜು ಒಡೆದು ಟೇಪ್ ಸೆಟ್ಟನ್ನು ಕಿತ್ತುಕೊಂಡು ಹೋಗಿದ್ದರು. ವೈರುಗಳಷ್ಟೇ ಜೋತಾಡುತ್ತಿದ್ದವು. "ನೀ ಸೀರೆ ಆರ್ಸದು ಬೇಗ ಮುಗ್ಸಿದ್ರೆ..." ಎಂದು ಶುರುಮಾಡಿದ ನಮ್ಮ ಮನೆಯವರು, ನನ್ನ ಮುಖ ನೋಡಿ ಸುಮ್ಮನಾದರು.

ಆಮೇಲೆ ತಂದ ಹೊಸ ಸೆಟ್ಟಿನ ಮುಂಭಾಗವನ್ನು, ಅಂದರೆ ಪ್ಯಾನೆಲ್ಲನ್ನು, ಕಳಚಿ ಜೊತೆಗೆ ಒಯ್ಯಬಹುದಿತ್ತು. ಪ್ಯಾನೆಲ್ ಇಲ್ಲದ ಸೆಟ್ಟನ್ನು ಕಳ್ಳರೂ ಮೂಸಿ ನೋಡುವುದಿಲ್ಲ ಎಂದಿದ್ದ ಅಂಗಡಿಯವ. ಉಪಾಯವೇನೋ ಒಳ್ಳೆಯದೇ. ಆದರೆ ಒಯ್ಯುವವರು ಯಾರು?

ನಮ್ಮ ಕಡೆ ಮದುವೆ, ಮುಂಜಿಗೆ ಹೋದ ಗಂಡಸರು ಹೋದ ಕೂಡಲೇ ಅಂಗಿ, ಪ್ಯಾಂಟು ಕಳಚಿಟ್ಟು, ಪಂಚೆ ಉಟ್ಟು, ಶಾಲು ಹೊದ್ದು ಕೂರುತ್ತಾರೆ. ಜೇಬೇ ಇಲ್ಲ ಪುಣ್ಯಾತ್ಮರಿಗೆ!

ಹಾಗಾಗಿ ಪ್ಯಾನೆಲ್ ನನ್ನ ಬ್ಯಾಗಿಗೆ ಬಂತು. ಅದರ ಹಿಂದೆಯೇ ಕ್ಯಾಸೆಟ್ಟುಗಳು, ಫ್ಯಾನು... ಒಮ್ಮೆ ಬನವಾಸಿಯ ದೇವಸ್ಥಾನದೆದುರು ವೈಪರ್ ಕಡ್ಡಿಗಳನ್ನೂ ಕಿತ್ತು ಕೈಗೆ ಕೊಟ್ಟಿದ್ದರು. ಹೇಳಿ ಹೇಳಿ ನನಗೆ ಸಾಕಾಗಿತ್ತು.

ಅವತ್ತು ಯಲ್ಲಾಪುರದ ಹತ್ತಿರ ನಂದೊಳ್ಳಿಯಲ್ಲಿ ನಾದಿನಿ ಸುಮಾಳ ಮಗನ ಉಪನಯನ. ಕೊಯ್ಲು ಮುಗಿದ ಗದ್ದೆಯಲ್ಲಿ ಕಾರು ನಿಲ್ಲಿಸಿದ್ದೇ ಇವರು ಪ್ಯಾನೆಲ್ ಕಳಚತೊಡಗಿದರು.

"ಇಲ್ಲಿ ಬಂದವೆಲ್ಲ ನೆಂಟರೇ. ಯಾರು ಕದೀತ? ಇರ್ಲಿ ಬಿಡಿ" ಎಂದೆ.

ಕೇಳುವ ಜನವೇ? ಎಲ್ಲವನ್ನೂ ಬ್ಯಾಗಿಗೆ ತುರುಕಿದರು. ಜಿಪ್ ಹಾಕಲಾಗಲಿಲ್ಲ. ಒಳಗೆ ಕೈಯಾಡಿಸಿ ನನ್ನ ಇನ್ಹೇಲರನ್ನು ಹೊರಗೆ ತೆಗೆದು, "ಇದನ್ನ ಯಾರೂ ಮುಟ್ಟದಿಲ್ಲೆ" ಎಂದು ಡ್ಯಾಶ್‌ಬೋರ್ಡಿನ ಡಬ್ಬಿಯೊಳಗಿಟ್ಟು ಕಾರಿಗೆ ಬೀಗ ಹಾಕಿಯೇಬಿಟ್ಟರು.

ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಚಪ್ಪರದ ಬಾಗಿಲಿನಿಂದ ಸುಮಾ ನಗುನಗುತ್ತ ಕರೆದಳು. ನೆಂಟರೆದುರು ಜಗಳ ಆಡುವುದಾ? ಒಳಗೆ ಹೋದೆ. ಮಾತು, ನಗು, ಪಾನಕದ ಗಡಿಬಿಡಿಯಲ್ಲಿ ಇನ್ಹೇಲರ್ ಕಾರಿನಲ್ಲಿರುವುದೇ ಮರೆತುಹೋಯಿತು.

ಈಗ ನೆನಪಾಗಿದೆ. ಉಸಿರು ಒಳಗೆ ಹೋಗುತ್ತಿಲ್ಲ.

ಆದರೂ ಹುಚ್ಚಿಯ ಹಾಗೆ ಬ್ಯಾಗನ್ನು ಮಗುಚಿ ಚಾಪೆಯ ಮೇಲೆ ಸುರಿಯುತ್ತೇನೆ. ಪ್ಯಾನೆಲ್ ಬೀಳುತ್ತದೆ, ಕ್ಯಾಸೆಟ್ಟುಗಳು ಬೀಳುತ್ತವೆ. "ಅಯ್ಯ ಕೂಸೆ, ಎಂತಾತೇ?" ಎನ್ನುತ್ತಾರೆ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು. ಉತ್ತರ ಕೊಡಲು ಗಂಟಲಿನಲ್ಲಿ ಗಾಳಿಯೇ ಇಲ್ಲ.

"ಅಣ್ಣಾ, ಅತ್ಗೆಗೆ ಉಬ್ಬಸ!" ಸುಮಾ ಕೂಗುತ್ತಾಳೆ.

ಸೋದರಮಾವನೆಂದು ಹೋಮದ ಬದಿಯಲ್ಲೇ ಕೂತಿದ್ದ ಇವರು ದಡಬಡಿಸಿ ಎದ್ದು ಒಳಕೋಣೆಗೆ ಓಡಿದರು. ಕಾರಿನ ಕೀ ಇರುವುದು ಅಂಗಿಯ ಜೇಬಿನಲ್ಲಿ. ಅಂಗಿ ಇರುವುದು ಕೋಣೆಯ ಹಗ್ಗದ ಮೇಲೆ. ಹಗ್ಗದ ತುಂಬ ಬಂದವರೆಲ್ಲರ ಅಂಗಿಗಳು, ಎಲ್ಲವೂ ಬಿಳಿಯವೇ!

ಒಂದರ ಜೇಬಿನಲ್ಲಿ ಎಲೆಯಡಿಕೆ ಕವಳದ ಸಂಚಿ, ಇನ್ನೊಂದರಲ್ಲಿ ಕನ್ನಡಕವಂತೆ. ಯಾರೋ ಇವರದನ್ನು ಸರಿಸಿ ಅದರ ಮೇಲೇ ತಮ್ಮದನ್ನು ನೇತುಹಾಕಿದ್ದರಂತೆ. ಅದೆಲ್ಲ ಆಮೇಲೆ ಗೊತ್ತಾಗಿದ್ದು.

ಹೆಂಗಸರು ನನ್ನನ್ನು ಎತ್ತಿ ತಂದು ಅಂಗಳದ ಗಾಳಿಗೆ ಕೂರಿಸಿದರು. ಸುಮಾ ಬೆನ್ನು ನೀವುತ್ತಲೇ ಇದ್ದಳು. ಸತ್ತೇಹೋಗುತ್ತೇನೆ ಎಂದು ನನಗೆ ನಿಜವಾಗಿಯೂ ಅನ್ನಿಸಿತು.

ಅಲ್ಲಿಂದ ಗದ್ದೆ ಕಾಣುತ್ತಿತ್ತು. ಬರಿಮೈಯಲ್ಲಿ, ಪಂಚೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿಕೊಂಡು ನಮ್ಮ ಮನೆಯವರು ಓಡುತ್ತಿದ್ದರು. ಕೈಯಲ್ಲಿ ಕೀ ಇರಲಿಲ್ಲ. ಗದ್ದೆಯ ಬದುವಿನ ಮೇಲಿದ್ದ ಕಲ್ಲೊಂದನ್ನು ಎತ್ತಿದವರೇ ಕಾರಿನ ಗಾಜಿಗೆ ಹೊಡೆದರು. ಒಂದು ಪೆಟ್ಟಿಗೆ ಒಡೆಯಲಿಲ್ಲ, ಮತ್ತೆ ಹೊಡೆದರು.

ವಾಪಸು ಬಂದಾಗ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. "ಎಳ್ಕ... ಇನ್ನೊಂದ್ಸಲ ಎಳ್ಕ... ಹೆದರಡ" ಎಂದು ಇನ್ಹೇಲರನ್ನು ನನ್ನ ಬಾಯಿಗಿಟ್ಟರು. ಪಾಪ ಅನ್ನಿಸಿತು. ಉಸಿರು ಬಂದ ಮೇಲೆ ಎರಡು ಬಾರಿಸಬೇಕು ಎಂದೂ ಅನ್ನಿಸಿತು.

ಊಟದ ಪಂಕ್ತಿಯಲ್ಲಿ ಸುಮಾಳ ಗಂಡ, "ಕಳ್ಳರ ಕೆಲ್ಸನ ನೀನೇ ಮಾಡಿಬಿಟ್ಯಲಾ ಭಾವ!" ಎಂದ. ಎಲ್ಲರೂ ನಕ್ಕರು. ಇವರೂ ನಕ್ಕರು. ನನಗೆ ನಗುವಷ್ಟು ತ್ರಾಣ ಇರಲಿಲ್ಲ.

ಊಟ ಮುಗಿಸಿ ಒಬ್ಬೊಬ್ಬರೇ ಅಂಗಿ ತೊಟ್ಟು ಹೊರಟ ಮೇಲೆ ಇವರದು ಹಗ್ಗದಲ್ಲಿ ಉಳಿಯಿತು. ಕೀ ಸಿಕ್ಕಿತು. ಪ್ಯಾನೆಲ್ಲು, ಫ್ಯಾನನ್ನೆಲ್ಲ ಸುಮಾ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಟ್ಟಳು.

ಇವರು ಪ್ಯಾನೆಲ್ಲನ್ನು ಮತ್ತೆ ಸೆಟ್ಟಿಗೆ ಸಿಕ್ಕಿಸಿ ಶಿರಸಿಯ ದಾರಿ ಹಿಡಿದರು. ಮಂಚಿಕೇರಿಯಲ್ಲಿ ಚಾ ಕುಡಿಯಲು ನಿಲ್ಲಿಸಿದರು. ಗಾಜಿಲ್ಲದ ಕಾರು, ಯಾರು ಬೇಕಾದರೂ ಕೈ ಹಾಕಬಹುದು. ಇವರು ರೂಢಿಯಂತೆ ಪ್ಯಾನೆಲ್ ಕಳಚಿ ನನ್ನ ಕಡೆ ಚಾಚಿದರು.

ನನ್ನ ತೊಡೆಯ ಮೇಲಿದ್ದ ಬ್ಯಾಗಿನಲ್ಲಿ ಈಗ ಇನ್ಹೇಲರ್ ಒಂದೇ ಇತ್ತು. ಬೇಕಾದಷ್ಟು ಜಾಗವಿತ್ತು. ನಾನು ಜಿಪ್ ತೆಗೆಯಲಿಲ್ಲ.

ಅವರು ಪ್ಯಾನೆಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು, ಪಟ್ಟಿ ಕಟ್ಟಿದ ಕೈಯಲ್ಲಿ ಚಾ ಲೋಟ ಹಿಡಿದು ಕುಡಿದರು. ನನಗೂ ಒಂದು ಲೋಟ ತಂದುಕೊಟ್ಟರು.

ನೀವೂ ಒಮ್ಮೆ ನಿಮ್ಮ ಬ್ಯಾಗಿನ ಜಿಪ್ ತೆಗೆದು ನೋಡಿ ಹೇಳಿ... ಅದರಲ್ಲಿ ನಿಮ್ಮದು ಅಂತ ಎಷ್ಟಿದೆ?