ಲಕ್ಕಪ್ಪನ ಬೂಟು

ನನ್ನ ಅಕ್ಷರ ದುಂಡಗಿರುವುದೇ ನನಗೆ ಮುಳುವಾಯಿತು. ಮೂಡಲಗಿ ಸೀಮೆಯ ಸಾಲೆಗಳಲ್ಲಿ ಪಿ.ಟಿ. ಮಾಸ್ತರನಾಗಿ ಅಷ್ಟು ವರ್ಷ ಸೀಟಿ ಊದಿದ್ದನ್ನು ಯಾರೂ ನೆನೆಯುವುದಿಲ್ಲ. ಪ್ರಶಸ್ತಿಪತ್ರಗಳ ಮೇಲೆ ಹೆಸರು ಬರೆದದ್ದನ್ನು ಮಾತ್ರ ನೆನೆಯುತ್ತಾರೆ. ಹೀಗಾಗಿ ನಮ್ಮೂರ ಓಟದ ಮೈದಾನದ ಪರಂಪರೆಗೊಂದು ಮ್ಯೂಸಿಯಂ ಮಾಡಬೇಕೆಂದು ಕಮಿಟಿ ಕೂತಾಗ, ವಸ್ತುಗಳಿಗೆ ಚೀಟಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು.

ಪರಂಪರೆ ಉಳಿಸುವ ಉತ್ಸಾಹ ಮೊದಲು ಕೆಡಿಸುವುದು ಪರಂಪರೆಯನ್ನೇ. ಬೇರೆ ಜಾಗ ಸಿಗಲಿಲ್ಲವೆಂದು ಮೈದಾನದ ತಿರುವಿನ ಮೇಲೆಯೇ ಎರಡು ಕೋಣೆ ಎಬ್ಬಿಸಿದರು. ಮಕ್ಕಳೀಗ ಇತಿಹಾಸದ ಗೋಡೆಯನ್ನು ಸುತ್ತಿ ಬಳಸಿ ಓಡುತ್ತಾರೆ.

ಒಳಗಿಡಲು ಇದ್ದದ್ದಾದರೂ ಏನು? ಗುಂಡೆಸೆತದ ತುಕ್ಕು ಹಿಡಿದ ಗುಂಡು, ಸುಣ್ಣದ ಗೆರೆ ಎಳೆಯುತ್ತಿದ್ದ ಡಬ್ಬಿ, ನನ್ನ ಸೀಟಿ. ಅಧ್ಯಕ್ಷರಿಗೆ ಸಾಲಲಿಲ್ಲ.

“ಮಾಸ್ತರ್ರ, ಮಸಗುಪ್ಪಿ ಲಕ್ಕಪ್ಪನ ಬೂಟ್ ಇಡೂಣ್ರಿ. ಅವನಂಗ ಓಡಿದಾವ ಮತ್ಯಾರದಾರ?”

“ಅವ ಬರಿಗಾಲಾಗ ಓಡಾಂವ್ರಿ,” ಎಂದೆ.

“ಬರಿಗಾಲು ಪೆಟ್ಟಿಗ್ಯಾಗ ಇಡಾಕ ಬರತೈತೇನ್ರಿ?”

ಗೋಕಾಕದ ಸಂತೆಯಲ್ಲಿ ಹಳೆಯ ಬೂಟು ಸಿಕ್ಕವು. ‘ಲಕ್ಕಪ್ಪ ಧರಿಸಿ ಓಡಿದ ಬೂಟು’ ಎಂದು ನಾನೇ ಬರೆದೆ. ವೀರಗಲ್ಲು ಕೆತ್ತಿದವರೂ ಕುದುರೆಯಿಲ್ಲದ ವೀರನಿಗೆ ಒಂದು ಕುದುರೆ ಕೊಟ್ಟಿರಲಿಕ್ಕಿಲ್ಲವೇ ಎಂದು ಸಮಾಧಾನ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ. ಬೂಟಿಲ್ಲದವರನ್ನು ಜಿಲ್ಲಾ ಕೂಟಕ್ಕೆ ಕಳಿಸಬೇಡಿ ಎಂದು ಮೇಲಿನವರು ಹೇಳಿದ ವರ್ಷ, ಪಟ್ಟಿಯಲ್ಲಿ ಲಕ್ಕಪ್ಪನ ಹೆಸರಿನ ಮೇಲೆ ಗೆರೆ ಎಳೆದದ್ದೂ ಇದೇ ಕೈ. ಎಲ್ಲಿಂದಾದರೂ ಒಂದು ಜೋಡಿ ಕೇಳಿ ತರಬಹುದಿತ್ತು. ತರಲಿಲ್ಲ. ಅವನು ಸಾಲೆ ಬಿಟ್ಟು ಕುರಿಗಳ ಹಿಂದೆ ಹೋದ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಉದ್ಘಾಟನೆಗೆ ಲಕ್ಕಪ್ಪನನ್ನು ಕರೆಸಿದ್ದರು. ಹೆಗಲ ಮೇಲೆ ಕಂಬಳಿ, ಗಡ್ಡ ಪೂರ್ತಿ ಬೆಳ್ಳಗೆ. ಹೊಸ ಫರಸಿಕಲ್ಲಿನ ನೆಲ ಹೊಲಸಾದೀತೆಂದು ಬಾಗಿಲಲ್ಲೇ ಅವನ ಚಪ್ಪಲಿ ಬಿಡಿಸಿದರು. ಗಾಜಿನ ಪೆಟ್ಟಿಗೆಯ ಮುಂದೆ ಬರಿಗಾಲಲ್ಲಿ ನಿಂತು, ಚೀಟಿಯನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. ಬೈಯುತ್ತಾನೆಂದು ಕಾದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ತನ್ನ ಪಾದ ನೋಡಿದ, ಬೂಟು ನೋಡಿದ.

“ಈಗ ಸಣ್ಣ ಆಗ್ತಾವ್ರಿ ಸರ,” ಎಂದ. “ಆವಾಗಾದ್ರ ಬರೋಬ್ಬರಿ ಆಗ್ತಿದ್ವು.”

ಹಿಂದೆ ಯಾರೋ ಚೀಟಿಯ ಅಕ್ಷರವನ್ನು ಹೊಗಳುತ್ತಿದ್ದರು.