ಐವತ್ತೆರಡು ಪಾದಗಳ ಸುಂದ್ರವ್ವ

ಬೆಳಗಿನ ಆರೂವರೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಬಿಸಿಲು ಇನ್ನೂ ಮಾಳಿಗೆಯಿಂದ ಕೆಳಗಿಳಿದಿಲ್ಲ. ಸುಂದ್ರವ್ವ ಮನೆಯ ಕಟ್ಟೆಯ ಮೇಲೆ ಬೋಗುಣಿ ತುಂಬ ಉಗುರುಬೆಚ್ಚಗಿನ ನೀರು ಇಟ್ಟುಕೊಂಡು ಕೂತಿದ್ದಾರೆ. ಕಬ್ಬಿನ ಹೊಲಕ್ಕೆ ಹೊರಟ ತಾಯಂದಿರು ನಿದ್ದೆಗಣ್ಣಿನ ಮಕ್ಕಳನ್ನು ಅವರ ಮುಂದೆ ಇಳಿಸಿ ಹೋಗುತ್ತಾರೆ. ಸುಂದ್ರವ್ವ ಮುಖಕ್ಕಿಂತ ಮೊದಲು ಕಾಲು ನೋಡುತ್ತಾರೆ. ಹಿಮ್ಮಡಿ ತೊಳೆದು, ಬೆರಳ ಸಂದಿಯ ಮಣ್ಣು ತೆಗೆದು, ಹಳೆಯ ಧೋತರದ ತುಂಡಿನಿಂದ ಒತ್ತಿ ಒರೆಸುತ್ತಾರೆ. ಮೂರು ವರ್ಷದ ಮುತ್ತಪ್ಪ ಕಚಗುಳಿ ತಾಳದೆ ಕಾಲು ಎಳೆದುಕೊಂಡಾಗ ನೀರೆಲ್ಲ ಅವರ ಮುಖಕ್ಕೆ ಸಿಡಿಯುತ್ತದೆ.

“ಸಂದ್ಯಾಗ ಹಸಿ ಉಳೀಬಾರ್ದ್ರಿ, ಹುಣ್ಣಾಗತಾವ,” ಎನ್ನುತ್ತಾರೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. “ಕೂಸಿಗೆ ಹಲ್ಲ ಬಂದ್ರ ಓಣಿ ಮಂದಿಯೆಲ್ಲಾ ಬಂದು ನೋಡತಾರ. ಕಾಲ ಬೆಳದ್ರ ಯಾರೂ ನೋಡಂಗಿಲ್ಲ.”

ಸುಂದ್ರವ್ವನಿಗೆ ಈಗ ಐವತ್ತಾರು. ಊರಿನ ಅಂಗನವಾಡಿಯಲ್ಲಿ ಸಹಾಯಕಿ. ಕಸ ಗುಡಿಸುವುದು, ಅಡುಗೆ ಮಾಡುವುದು, ಮಕ್ಕಳನ್ನು ಕರೆತರುವುದು ಅವರ ನೌಕರಿ. ಪಾದ ನೋಡಿಕೊಳ್ಳಿರೆಂದು ಯಾರೂ ಹೇಳಿದ್ದಲ್ಲ. ಸದ್ಯ ಇಪ್ಪತ್ತಾರು ಮಕ್ಕಳು, ಅಂದರೆ ಐವತ್ತೆರಡು ಪಾದ. ಮೂರು ತಿಂಗಳಿಗೊಮ್ಮೆ ಪ್ರತಿ ಮಗುವನ್ನೂ ವಹಿಯ ಹಾಳೆಯ ಮೇಲೆ ನಿಲ್ಲಿಸಿ, ಪಾದದ ಸುತ್ತ ಸೀಸಕಡ್ಡಿ ಎಳೆದು, ಹೆಸರು ಬರೆದಿಡುತ್ತಾರೆ. ಅದೂ ಸಂಜೆಯ ಹೊತ್ತೇ ಆಗಬೇಕು. ದಿನವಿಡೀ ಆಡಿದ ಕಾಲು ಆಗ ತುಸು ಊದಿರುತ್ತದೆ. ಎರಡೂ ಕಾಲಿನ ಅಳತೆ ಬೇಕು. ಒಂದರಂತೆ ಇನ್ನೊಂದು ಇರುವುದಿಲ್ಲ. ಹನ್ನೊಂದು ವರ್ಷದ ಹಿಂದೆ ತಪಾಸಣೆಗೆ ಬರುತ್ತಿದ್ದ ನರ್ಸ್ ದಾಕ್ಷಾಯಿಣಿ ಹೇಳಿಕೊಟ್ಟ ಪಾಠವಿದು.

ಆ ಪಾಠ ಅಷ್ಟು ಬೇಗ ತಲೆಗೆ ಹತ್ತಲು ಕಾರಣ ಅವರ ಕಾಲಲ್ಲೇ ಇದೆ. ಕುರಿ ಕಾಯುವ ಮನೆತನ. ಎಂಟನೇ ವಯಸ್ಸಿನಲ್ಲಿ ಅಪ್ಪ ಅಂಕಲಗಿ ಸಂತೆಯಿಂದ ಕೆಂಪು ಬೂಟು ತಂದುಕೊಟ್ಟಿದ್ದರು. ಮನೆಯಲ್ಲಿ ಅದುವರೆಗೆ ಬೂಟು ಕಂಡ ಕಾಲಿರಲಿಲ್ಲ. “ಎರಡ ವರ್ಷ ಬಿಡಲಿಲ್ರಿ ಅದನ್ನ. ಕಾಲ ಬೆಳೀತು, ಬೂಟ ಬೆಳೀಲಿಲ್ಲ,” ಎಂದು ಸುಂದ್ರವ್ವ ಪಾದ ಮುಂದೆ ಚಾಚಿ ನಗುತ್ತಾರೆ. ಎರಡನೆಯ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿದೆ.

ಊರಿನವರು ಮೊದಲು ಮೂಗು ಮುರಿದರು. “ಕಾಲ ಏನ್ ಕಾಯಿಪಲ್ಲೆ ಏನ, ದಿನಾ ತಿರುವಿ ತಿರುವಿ ನೋಡಾಕ?” ಎಂದು ಪಕ್ಕದ ಮನೆಯ ಮಾಯವ್ವ ಆಡಿಕೊಂಡದ್ದೂ ಉಂಟು. ಆ ಮಾತು ನಿಂತದ್ದು ಎರಡು ವರ್ಷದ ಹಿಂದೆ, ಕಾಜಲ್ ಎಂಬ ಹುಡುಗಿಯಿಂದ.

ಕಾಜಲ್ ಅಂಗನವಾಡಿ ದಾಟಿ, ಅದೇ ಆವರಣದ ಶಾಲೆಯಲ್ಲಿ ಎರಡನೆಯ ತರಗತಿಗೆ ಬಂದಿದ್ದಳು. ಕಾಲು ನಿಲ್ಲದ ಹುಡುಗಿ ದೀಪಾವಳಿಯ ನಂತರ ಆಟ ಬಿಟ್ಟು ಗೋಡೆಗೆ ಒರಗಿ ಕೂರತೊಡಗಿದಳು. ಮಾಸ್ತರರು ಮೈಗಳ್ಳತನ ಎಂದುಕೊಂಡರು. ಆದರೆ ಅವಳು ಮೆಟ್ಟಿಲನ್ನು ಅಡ್ಡಡ್ಡವಾಗಿ, ಹಿಮ್ಮಡಿ ಊರಿ ಇಳಿಯುವುದು ಸುಂದ್ರವ್ವನ ಕಣ್ಣಿಗೆ ಬಿತ್ತು. ಕೂರಿಸಿಕೊಂಡು ಬೂಟು ಕಳಚಿದರೆ ಹೆಬ್ಬೆರಳ ಉಗುರು ಕಪ್ಪಾಗಿತ್ತು, ಕಿರುಬೆರಳಲ್ಲಿ ಬೊಬ್ಬೆ ಎದ್ದಿತ್ತು.

“ಅಪ್ಪಗ ಹೇಳಬ್ಯಾಡ ಆಯಿ,” ಎಂದಳು ಹುಡುಗಿ. “ಭಾಳ ಪ್ರೀತಿಲೆ ತಂದಾನ. ಬ್ಯಾಸರ ಮಾಡ್ಕೋತಾನ.”

ಸುಂದ್ರವ್ವ ಅವಳ ತಲೆ ಸವರಿದರು. ಆದರೂ ಹೇಳದೆ ಇರುವಂತಿರಲಿಲ್ಲ. ಕಾಜಲ್‌ಳ ಅಪ್ಪ ಖಂಡೆಪ್ಪ ಯಮಕನಮರಡಿಯಲ್ಲಿ ಸರಕಿನ ಟೆಂಪೊ ಓಡಿಸುವವನು. ಸಂಜೆ ಮಗಳನ್ನು ಕರೆದೊಯ್ಯಲು ಶಾಲೆಗೆ ಬಂದವನು ಕೇಳಿದ್ದೇ ಸಿಟ್ಟಾದ. “ಗೋಕಾಕದಾಗ ಛಲೋ ಅಂಗಡ್ಯಾಗ ತಂದದ್ದದು. ಇನ್ನೂ ವರ್ಷ ಆಗಿಲ್ಲ. ನಿನಗೇನ್ ಗೊತ್ತಾಗತೈತಿ?”

ಸುಂದ್ರವ್ವ ವಾದಕ್ಕೆ ಇಳಿಯಲಿಲ್ಲ. ಆ ಸಂಜೆಯೇ ಬರೆದ ಕಾಜಲ್‌ಳ ಪಾದದ ಗೆರೆಯಗುಂಟ ಹಾಳೆಯನ್ನು ಕತ್ತರಿಸಿ ಅವನ ಕೈಗಿತ್ತರು. “ಇದನ್ನ ಬೂಟಿನ್ಯಾಗ ಹಾಕಪಾ. ಮಡಚಬ್ಯಾಡ.”

ಖಂಡೆಪ್ಪ ಹಾಕಿದ. ತುದಿ ಮುದುಡಿತು. ಹೊರತೆಗೆದು, ತೊಡೆಯ ಮೇಲೆ ಸವರಿ ಸರಿಮಾಡಿ ಮತ್ತೆ ಹಾಕಿದ. ಮತ್ತೆ ಮುದುಡಿತು. ಮೂರನೆಯ ಸಲ ಹಾಕಲಿಲ್ಲ. ಹಾಗೇ ಮೆಟ್ಟಿಲ ಮೇಲೆ ಕೂತು ಮಗಳನ್ನು ಕೇಳಿದ: “ಎಷ್ಟ ದಿನಾತು?”

“ಹಬ್ಬಕ್ಕಿಂತ ಮೊದಲಿಂದ,” ಎಂದಳು ಕಾಜಲ್.

ಅವಳನ್ನು ಎತ್ತಿಕೊಂಡೇ ಮನೆಗೆ ಹೋದ. ನರ್ಸ್ ಬಂದು ಮದ್ದು ಕಟ್ಟಿದರು. ಹದಿನೈದು ದಿನ ಹುಡುಗಿ ಬೂಟು ಮುಟ್ಟಲಿಲ್ಲ. ಆಮೇಲಿನ ರವಿವಾರ ಖಂಡೆಪ್ಪ ಕಾಗದದ ಪಾದವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಗೋಕಾಕಕ್ಕೆ ಹೋಗಿ, ಬೆರಳ ಮುಂದೆ ಹೆಬ್ಬೆಟ್ಟಿನಗಲ ಜಾಗ ಉಳಿಯುವಂಥ ಬೂಟು ತಂದ.

ಈಗ ಅದು ಅವನಿಗೆ ರೂಢಿಯೇ ಆಗಿದೆ. ಗೋಕಾಕಕ್ಕೆ ಬಾಡಿಗೆ ಹೋಗುವ ದಿನ ಅಂಗನವಾಡಿಯ ಮುಂದೆ ಟೆಂಪೊ ನಿಲ್ಲಿಸುತ್ತಾನೆ. ಯಾರ ಮಕ್ಕಳಿಗೆ ಚಪ್ಪಲಿ ಬೇಕೋ ಅವರ ಕಾಗದದ ಪಾದಗಳನ್ನು ಸುಂದ್ರವ್ವ ಹೆಸರು ಬರೆದು ಕಟ್ಟಿ ಕೊಡುತ್ತಾರೆ. ಮೊದಲ ಸಲ ಹೊಟ್ಟೆ ಹಿಡಿದು ನಕ್ಕ ಅಂಗಡಿಯವನೇ ಈಗ ಟೆಂಪೊ ಕಂಡರೆ ಕೇಳುತ್ತಾನಂತೆ, “ಇವತ್ತ ಎಷ್ಟ ಕಾಲ ತಂದಿ ಖಂಡೆಪ್ಪಾ?” ಮೊಮ್ಮಗನ ಪಾದ ಬರೆಸಲು ಮೊನ್ನೆ ಮಾಯವ್ವನೂ ಬಂದಿದ್ದರು.

ಕಳೆದ ತಿಂಗಳು ಮೂಡಲಗಿಯಲ್ಲಿ ಯುವಕ ಸಂಘದವರು ಮಕ್ಕಳ ಓಟ ಇಟ್ಟಿದ್ದರು. ಕಾಜಲ್ ಓಡುತ್ತಾಳೆಂದು ಖಂಡೆಪ್ಪ ಸುಂದ್ರವ್ವನನ್ನೂ ಟೆಂಪೊದಲ್ಲಿ ಕೂರಿಸಿಕೊಂಡು ಹೋಗಿದ್ದ. ಏನಾಯಿತು ಎಂದು ಕೇಳಿದರೆ ಸುಂದ್ರವ್ವ ಒರೆಸುವ ಕೈ ನಿಲ್ಲಿಸುತ್ತಾರೆ.

“ನಾಕನೇದಕ್ಕ ಬಂದ್ಲ್ರಿ. ಮೂರು ಹುಡುಗ್ಯಾರು ಮುಂದ ಇದ್ರು. ಓಟ ಮುಗದ ಮ್ಯಾಲ ಹೋಗಿ ಮೂವರ ಬೂಟೂ ಒತ್ತಿ ನೋಡಿದೆ. ಮೊದಲನೇದಕ್ಕ ಬಂದಾಕೀದು ಬಿಗಿ ಆಗಿತ್ತು. ಅವರವ್ವಗ ಹೇಳಿ ಬಂದೇನಿ.”